ಹೇಳಲು ನಾಚುವವರು, ಕಲಿಯಲು ಕಾಯುವವರು

ಬೆಳಗಿನ ಹತ್ತು ಗಂಟೆ. ಬೆಂಗಳೂರಿನ ಸರ್ಕಾರಿ ಬೋಧನಾ ಆಸ್ಪತ್ರೆಯೊಂದರ ಯೂರಾಲಜಿ ಹೊರರೋಗಿ ವಿಭಾಗ. ಪಡಸಾಲೆಯ ಸ್ಟೀಲ್ ಬೆಂಚುಗಳ ಮೇಲೆ ಸಾಲಾಗಿ ಕೂತ ಗಂಡಸರು, ಹೆಚ್ಚಿನವರು ಅರವತ್ತರ ಆಚೀಚೆಯವರು, ಒಂದೇ ಸಮನೆ ನೀರು ಕುಡಿಯುತ್ತಿದ್ದಾರೆ. ಬಾಯಾರಿಕೆಗಲ್ಲ. ಮೂಲೆಯ ಕೋಣೆಯೊಳಗೆ ಹೋಗಬೇಕಾದರೆ ಚೆನ್ನಾಗಿ ಉಚ್ಚೆ ಕಟ್ಟಿರಬೇಕು. ಬಾಗಿಲಲ್ಲಿ ನಿಂತ ಅಟೆಂಡರ್ ಆಗಾಗ ಕೂಗು ಹಾಕುತ್ತಾನೆ: “ಯಾರಿಗೆ ಬಂತು? ಅರ್ಜೆಂಟ್ ಆದೋರು ಮೊದ್ಲು ಬನ್ನಿ, ಟೋಕನ್ ಆಮೇಲೆ ನೋಡೋಣ.” ಯಾರೋ ಒಬ್ಬರು ಕೈ ಎತ್ತುತ್ತಾರೆ, ಪಕ್ಕದಲ್ಲಿ ಸೊಸೆ ಕೂತಿರುವುದು ನೆನಪಾಗಿ ಇಳಿಸುತ್ತಾರೆ. “ನಾಚ್ಕೊಂಡ್ರೆ ಕೆಲ್ಸ ಆಗಲ್ಲ ಯಜಮಾನ್ರೇ” ಎಂದು ಅಟೆಂಡರ್ ಅವರ ತೋಳು ಹಿಡಿದೇ ಒಳಗೆ ಕರೆದೊಯ್ಯುತ್ತಾನೆ.

ಒಳಗಿರುವುದು ಇಷ್ಟೇ: ಒಂದು ಆಲಿಕೆ, ಅದರ ಕೆಳಗೆ ಜಗ್ಗು, ಜಗ್ಗಿನಡಿ ಪುಟ್ಟ ತೂಕದ ಯಂತ್ರ. ಸೆಕೆಂಡಿಗೆ ಎಷ್ಟು ಮಿಲಿಲೀಟರ್ ಬಿತ್ತೆಂದು ಯಂತ್ರ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಇದಕ್ಕೆ ಯೂರೋಫ್ಲೋಮೆಟ್ರಿ ಎಂದು ಹೆಸರು. ಇಲ್ಲಿ ಎಲ್ಲರ ಬಾಯಲ್ಲೂ ‘ಫ್ಲೋ’. ಆರೋಗ್ಯವಂತನ ಗೆರೆ ಸಲೀಸಾಗಿ ಏರಿ ಸಲೀಸಾಗಿ ಇಳಿಯುತ್ತದೆ. ಪ್ರಾಸ್ಟೇಟ್ ಅಡ್ಡ ಬಂದವನದು ಕೆಳಗೇ ತಡವರಿಸುತ್ತಾ ಬಹಳ ದೂರ ಹೋಗುತ್ತದೆ. ಮೂತ್ರದ ದಾರಿಯೇ ಕಿರಿದಾದವನದು ಸ್ವಲ್ಪ ಏರಿ ಅಲ್ಲೇ ಚಪ್ಪಟೆಯಾಗಿಬಿಡುತ್ತದೆ. 15 ಮಿ.ಲೀ. ದಾಟಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. 10ಕ್ಕಿಂತ ಇಳಿದರೆ ಎಲ್ಲೋ ಅಡ್ಡಿ ಇದ್ದೀತೆಂದು ಶಂಕೆ. ತರಬೇತಿಗೆ ಬಂದ ವೈದ್ಯರು ಮೊದಮೊದಲು ಓದಲು ಕಲಿಯುವುದರಲ್ಲಿ ಈ ಗೆರೆಯೂ ಒಂದು.

ಅವರು ಹಾಗೆಲ್ಲ ಎಳೆಯರೇನಲ್ಲ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್‌ಗೆ ಐದೂವರೆ ವರ್ಷ, ಜನರಲ್ ಸರ್ಜರಿಯ ಎಂಎಸ್‌ಗೆ ಮೂರು ವರ್ಷ, ಆಮೇಲೆ ನೀಟ್-ಎಸ್‌ಎಸ್ ಎಂಬ ಇನ್ನೊಂದು ಪ್ರವೇಶ ಪರೀಕ್ಷೆ. ಅದರಲ್ಲಿ ಸೀಟು ಗಿಟ್ಟಿದರೆ ಯೂರಾಲಜಿಯ ಎಂಸಿಎಚ್, ಮತ್ತೆ ಮೂರು ವರ್ಷ. ಇಷ್ಟು ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ, ಮನೆಯಲ್ಲಿ ಎಳೆಗೂಸಿರುತ್ತದೆ. ಅಪೆಂಡಿಕ್ಸನ್ನೋ ಹರ್ನಿಯಾವನ್ನೋ ಒಬ್ಬರೇ ನಿಭಾಯಿಸಿ ಬಂದವರು ಇಲ್ಲಿ ಮತ್ತೆ ಮೊದಲ ವರ್ಷದ ‘ಪಿಜಿ’ ಆಗಿ ಕ್ಯಾಥೆಟರ್ ಹಾಕುತ್ತಾ, ಯೂರಿನ್ ಬ್ಯಾಗಿನ ಲೆಕ್ಕ ಬರೆಯುತ್ತಾ, ಸ್ಕ್ಯಾನಿಂಗಿಗೆ ಚೀಟಿ ಹಿಡಿದು ಓಡಾಡುತ್ತಾರೆ. ಕೈಗೆ ಗೊತ್ತಿದ್ದ ಶಸ್ತ್ರವಿದ್ಯೆಯನ್ನು ಬದಿಗಿಟ್ಟು, ಪರದೆ ನೋಡುತ್ತಾ ಕಣ್ಣಿಗೆ ಕಾಣದ ಕಡೆ ಕೈಯಾಡಿಸುವುದನ್ನು ಹೊಸದಾಗಿ ಕಲಿಯಬೇಕು.

ಈ ತಂಡದ ಮೊದಲ ವರ್ಷದಲ್ಲಿ ಶಿವಮೊಗ್ಗ ಕಡೆಯ ಒಬ್ಬ ವೈದ್ಯೆ ಇದ್ದಾರೆ. ಯೂರಾಲಜಿಗೆ ಹೆಣ್ಣುಮಕ್ಕಳು ಬರುವುದು ಈಗಲೂ ವಿರಳ. ಅವರ ಮೇಜಿನ ಮುಂದೆ ಕೂತ ಗಂಡಸರು ಮೊದಲು ಸುತ್ತ ನೋಡುತ್ತಾರೆ, ಆಮೇಲೆ ಮೆಲ್ಲಗೆ ಕೇಳುತ್ತಾರೆ: “ಗಂಡಸ್ ಡಾಕ್ಟ್ರು ಯಾರೂ ಇಲ್ವಾ ಮೇಡಂ?” ಅದೇ ಮೇಜಿಗೆ ಹೆಂಗಸರು ಹುಡುಕಿಕೊಂಡು ಬರುತ್ತಾರೆ. ಹೆರಿಗೆಯಾದಾಗಿನಿಂದ ಕೆಮ್ಮಿದರೆ ಸೀನಿದರೆ ಸೀರೆ ಒದ್ದೆಯಾಗುತ್ತದೆಂದು ಇಪ್ಪತ್ತು ವರ್ಷ ಯಾರಿಗೂ ಹೇಳದವರು ಈಕೆಯೆದುರು ಐದೇ ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸುತ್ತಾರೆ.

ಅವತ್ತು ಅವರ ಮುಂದೆ ಬಂದು ಕೂತವನು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯ ರೈತ. ನಲವತ್ತರ ಆಸುಪಾಸು, ಎಲುಬು ಕಾಣುವ ಮೈ. ಹಿಂದಿನ ಸಂಜೆ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಇಳಿದು ನೇರ ಇಲ್ಲಿಗೇ ಬಂದಿದ್ದ. ಜೊತೆಗೆ ಬಂದ ಅಳಿಯ ಬಾಗಿಲಾಚೆಯೇ ನಿಂತ. ಏನು ತೊಂದರೆ ಎಂದು ಕೇಳಿದರೆ ಈತ ನೆಲ ನೋಡಿದ. ಕೊನೆಗೆ ಪಕ್ಕದ ಮೇಜಿನ ಗಂಡುವೈದ್ಯರ ಕಡೆ ತಿರುಗಿ ಹೇಳಿದ, “ಧಾತು ಹೋಗ್ಲತ್ತದ್ರಿ ಸಾಹೇಬ್ರ. ಐದಾರ್ ವರ್ಷ ಆತ್ರಿ.”

ಧಾತು ಅಂದರೆ ವೀರ್ಯ, ಅದು ಉಚ್ಚೆಯಲ್ಲಿ ಹೋಗಿ ಗಂಡಸು ಸೊರಗುತ್ತಾನೆ ಎನ್ನುವ ಭಯ ನಮ್ಮಲ್ಲಿ ಬಹಳ ಹಳೆಯದು. ಆ ಭಯವನ್ನೇ ನಂಬಿ ಬದುಕುವ ವ್ಯಾಪಾರವೂ ಉಂಟು. ಬಸ್‌ಸ್ಟ್ಯಾಂಡಿನ ಮೂತ್ರಾಲಯಕ್ಕೆ ಹೋದವರಿಗೆಲ್ಲ ಅದು ಗೊತ್ತು. ನಿಂತರೆ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಅಂಟಿಸಿದ ‘ಗುಪ್ತರೋಗ’ದ ಚೀಟಿಗಳು, ಫೋನ್ ನಂಬರು, ಗ್ಯಾರಂಟಿ. ಈತ ಅಂಥ ಎರಡು ಮೂರು ಕಡೆ ದುಡ್ಡು ಸುರಿದು, ಲೇಹ್ಯ ತಿಂದು, ಒಂದು ಎತ್ತನ್ನೂ ಮಾರಿ ಬಂದಿದ್ದ.

“ಬಾಟ್ಲಿಯಲ್ಲಿ ತಂದಿದ್ದೀರಾ?” ವೈದ್ಯೆ ಕೇಳಿದರು. ಆತ ಕೈಚೀಲದಿಂದ ಹಳೇ ಪತ್ರಿಕೆಯಲ್ಲಿ ಸುತ್ತಿದ ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಬಿಚ್ಚಿ ಕಿಟಕಿಗೆ ಹಿಡಿದರೆ ಹಾಲು. ನೀರು ಬೆರೆತ ಹಾಲಲ್ಲ, ಗಟ್ಟಿ ಹಾಲು. ಬಾಟಲಿ ಬಹಳ ಹೊತ್ತು ಅಲುಗಾಡದೆ ಇದ್ದದ್ದರಿಂದ ಒಳಗೆ ಮೂರು ಪದರ ನಿಂತಿತ್ತು: ಮೇಲೆ ತೆಳ್ಳಗೆ ಜಿಡ್ಡು, ನಡುವೆ ಬಿಳಿ, ತಳದಲ್ಲಿ ನಸುಗೆಂಪಿನ ಗಸಿ. ನಡುವಿನ ಬಿಳಿಯಲ್ಲಿ ಮೊಸರಿನ ತುಣುಕಿನಂಥದ್ದೊಂದು ತೇಲುತ್ತಿತ್ತು.

ಪಕ್ಕದ ಮೇಜಿನ ಮೂರನೇ ವರ್ಷದ ವೈದ್ಯರು ಕುರ್ಚಿ ಎಳೆದುಕೊಂಡು ಬಂದರು. ಬಳ್ಳಾರಿ ಕಡೆಯವರು, ಭಾಷೆ ಕೂಡಿತು. “ಯಾವಾಗ ಜಾಸ್ತಿ ಬರ್ತೈತಿ?”

“ಹಬ್ಬದಾಗ್ರಿ. ಹೋಳ್ಗಿ ತುಪ್ಪ ಉಂಡ್ರ ಪೂರಾ ಹಾಲೇರಿ. ಉಪಾಸ ಇದ್ದ ದಿನ ಛೊಲೋ ಇರ್ತದ್ರಿ.”

ಇಬ್ಬರು ವೈದ್ಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರ್ಧ ರೋಗನಿರ್ಣಯ ಆ ಒಂದು ಮಾತಿನಲ್ಲೇ ಆಗಿಹೋಗಿತ್ತು. ವೀರ್ಯಕ್ಕೂ ಹೋಳಿಗೆಗೂ ಸಂಬಂಧವಿಲ್ಲ. ಉಂಡ ತುಪ್ಪ ಮೂತ್ರದಲ್ಲಿ ಬರುತ್ತಿದೆ ಎಂದರೆ ಅದು ಕೈಲೂರಿಯಾ.

ನಾವು ತಿಂದ ಕೊಬ್ಬಿನ ಬಹುಪಾಲು ಕರುಳಿನಿಂದ ನೇರ ರಕ್ತಕ್ಕೆ ಹೋಗುವುದಿಲ್ಲ. ದುಗ್ಧನಾಳಗಳೆಂಬ ಬೇರೊಂದು ಸಣ್ಣ ಜಾಲ ಅದನ್ನು ಹಾಲಿನ ಬಣ್ಣದ ರಸವಾಗಿ ಹೊತ್ತು, ಎದೆಯ ಮೂಲಕ ಏರಿ, ಕುತ್ತಿಗೆಯ ಬಳಿ ರಕ್ತಕ್ಕೆ ಸೇರಿಸುತ್ತದೆ. ಆನೆಕಾಲು ರೋಗ ತರುವ ಹುಳು ಮನೆ ಮಾಡುವುದು ಈ ನಾಳಗಳಲ್ಲೇ. ದಾರಿ ಕಟ್ಟಿಕೊಂಡಾಗ ರಸ ಹಿಂದಕ್ಕೆ ಒತ್ತಿ, ನಾಳಗಳು ಉಬ್ಬಿ, ಕೆಲವರಲ್ಲಿ ಕಿಡ್ನಿಯೊಳಗೆ ಒಡೆಯುತ್ತವೆ. ಕಾಲು ಊದಿಕೊಂಡಿರಲೇಬೇಕೆಂದಿಲ್ಲ, ಈ ರೈತನ ಎರಡೂ ಕಾಲು ಸಪೂರವಾಗಿದ್ದವು. ಹುಳು ಸತ್ತು ವರ್ಷಗಳಾದ ಮೇಲೂ ರೋಗ ತಲೆದೋರುವುದುಂಟು. ಈ ಹುಳುವಿನ ಮರಿಗಳು ಸಾಮಾನ್ಯವಾಗಿ ರಾತ್ರಿ ಹೊತ್ತು ರಕ್ತದಲ್ಲಿ ತೇಲಿ ಬರುವುದರಿಂದ ರಾತ್ರಿ ಹತ್ತರ ಮೇಲೆ ರಕ್ತ ತೆಗೆದು ನೋಡುತ್ತಾರೆ, ಆದರೂ ಇಂಥ ರೋಗಿಗಳಲ್ಲಿ ಅನೇಕ ಸಲ ಏನೂ ಸಿಗುವುದಿಲ್ಲ. ಆತನಿಗಿದ್ದ ಸುಸ್ತು ಮಾತ್ರ ಸುಳ್ಳಲ್ಲ. ಹಾಲಿನ ಜೊತೆ ಪ್ರೋಟೀನೂ ಸೋರಿಹೋಗುತ್ತದೆ, ಮೈ ಇಳಿಯುತ್ತದೆ. ಲೇಹ್ಯದವರು ಸುಸ್ತನ್ನು ಸರಿಯಾಗಿಯೇ ಗುರುತಿಸಿ, ಕಾರಣವನ್ನು ತಮಗೆ ಲಾಭವಾಗುವಂತೆ ಹೇಳಿದ್ದರು.

ಸಂಜೆ ಕೇಸ್ ಚರ್ಚೆಯಲ್ಲಿ ಪ್ರೊಫೆಸರ್ ಒಂದು ಹಳೆಯ ಕಥೆ ತೆಗೆದರು. ಈ ಹುಳುವಿನ ಮರಿಯನ್ನು ಒಟ್ಟೊ ವುಚೆರರ್ ಎಂಬ ವೈದ್ಯ 1866ರಲ್ಲಿ ಕಂಡದ್ದು ಬ್ರೆಜಿಲ್ ದೇಶದ ಬಹಿಯಾದಲ್ಲಿ, ಇಂಥದ್ದೇ ಹಾಲುಮೂತ್ರದಲ್ಲಿ. ಹುಳುವಿನ ಕುಲಕ್ಕೆ ಅವನ ಹೆಸರೇ ನಿಂತಿದೆ. ಕೆಲವೇ ವರ್ಷಗಳಲ್ಲಿ, 1872ರಲ್ಲಿ, ಅದನ್ನು ಮನುಷ್ಯನ ರಕ್ತದಲ್ಲಿ ಕಂಡೆನೆಂದು ವರದಿ ಮಾಡಿದವನು ಕಲ್ಕತ್ತೆಯಲ್ಲಿದ್ದ ತಿಮೊತಿ ಲೂಯಿಸ್. “ಸೂಕ್ಷ್ಮದರ್ಶಕ ಹಿಡಿದು ನಮ್ಮ ದೇಶದಲ್ಲೇ ಕೂತು ನೋಡಿದ ರೋಗ ಇದು. ಪರದೇಶದ ಪುಸ್ತಕ ಇದನ್ನ ಅಪರೂಪ ಅನ್ನಬಹುದು. ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ, ಕರಾವಳಿಯಿಂದ ಬರೋ ರೋಗೀನ ಕೂರಿಸ್ಕೊಂಡು ನೀನೂ ಹಾಗೇ ಅಂದ್ಕೋಬೇಡಮ್ಮಾ” ಎಂದರು. ಮೂತ್ರಾಂಗಗಳ ಕ್ಷಯವೂ ಹಾಗೆಯೇ. ಕ್ಯಾಂಬೆಲ್ ಹೆಸರಿನಲ್ಲಿ 1954ರಿಂದ ಮುದ್ರಣವಾಗುತ್ತಾ ಬಂದ ಗ್ರಂಥವೇ ಇವರೆಲ್ಲರ ಭಗವದ್ಗೀತೆ, ಅದರ ದಪ್ಪ ಸಂಪುಟಗಳಲ್ಲಿ ಇಂಥ ರೋಗಗಳಿಗೆ ಸಿಗುವ ಜಾಗ ಕಡಿಮೆ. ಯಾವುದು ಅಪರೂಪ ಎನ್ನುವುದನ್ನು ಪುಸ್ತಕ ಬರೆದವನ ಊರು ತೀರ್ಮಾನಿಸುತ್ತದೆ ಎಂದು ನನಗೆ ಅಲ್ಲಿ ಕೂತಾಗ ಅನ್ನಿಸಿತು.

ಯಾವ ಕಿಡ್ನಿಯಿಂದ ಸೋರುತ್ತಿದೆ ಎಂದು ನೋಡಲು ಮೂತ್ರಕೋಶದೊಳಗೆ ಸಿಸ್ಟೊಸ್ಕೋಪ್ ಎಂಬ ಸಪೂರ ದೂರದರ್ಶಕ ಬಿಡಬೇಕು. ಅದಕ್ಕೆ ಮುಂಚೆ ರೋಗಿಗೆ ಜಿಡ್ಡು ತಿನ್ನಿಸಬೇಕು, ಇಲ್ಲದಿದ್ದರೆ ಹಾಲು ಕಾಣುವುದಿಲ್ಲ. ತುಪ್ಪದ ಆಸೆಯನ್ನೇ ಬಿಟ್ಟಿದ್ದ ಮನುಷ್ಯನಿಗೆ ಸರ್ಕಾರಿ ವಾರ್ಡಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಮೆತ್ತಿ ಕೊಟ್ಟರು. ಆತನಿಗೆ ಇದು ಚಿಕಿತ್ಸೆಯೋ ತಮಾಷೆಯೋ ಗೊತ್ತಾಗಲಿಲ್ಲ.

ಯೂರಾಲಜಿ ಓಟಿಯ ನೆಲ ಸದಾ ಒದ್ದೆ. ಮೇಲೆ ತೂಗುಹಾಕಿದ ನೀರಿನ ಚೀಲಗಳಿಂದ ದೂರದರ್ಶಕದ ಮೂಲಕ ನೀರು ಹರಿಯುತ್ತಲೇ ಇರಬೇಕು, ಆಗ ಮಾತ್ರ ಒಳಗೆ ನೋಟ ತಿಳಿಯಾಗಿರುತ್ತದೆ. ಎಲ್ಲರ ಕಾಲಲ್ಲೂ ಗಮ್‌ಬೂಟು, ಮೈಮೇಲೆ ಪ್ಲಾಸ್ಟಿಕ್ ಏಪ್ರನ್. ಎಕ್ಸ್‌ರೇ ಯಂತ್ರ ಬಳಸುವ ದಿನ ಅದರೊಳಗೆ ಸೀಸದ ಅಂಗಿಯ ಭಾರವೂ ಸೇರುತ್ತದೆ. ಕೊಳವೆಗಳ ಅಳತೆಯೆಲ್ಲ ‘ಫ್ರೆಂಚ್’ ಲೆಕ್ಕ. ಮೂರು ಫ್ರೆಂಚ್ ಅಂದರೆ ಒಂದು ಮಿಲಿಮೀಟರ್. ಮ್ಯಾಕ್ಸ್ ನಿಟ್ಸೆ ಎಂಬ ಜರ್ಮನ್ ವೈದ್ಯ 1870ರ ದಶಕದ ಕೊನೆಯಲ್ಲಿ ಮೊದಲ ಸಿಸ್ಟೊಸ್ಕೋಪ್ ತಂದಾಗ ಬೆಳಕಿಗೆ ಕಾದು ಕೆಂಪಾದ ತಂತಿಯನ್ನೇ ಒಳಗೆ ಬಿಡಬೇಕಿತ್ತು, ಅದು ಸುಡದಿರಲೆಂದು ಸುತ್ತ ತಣ್ಣೀರು ಹರಿಸುತ್ತಿದ್ದರು. ಈಗ ಕ್ಯಾಮೆರಾ, ದೊಡ್ಡ ಪರದೆ. ಒಬ್ಬರು ನೋಡಿದ್ದನ್ನು ಹತ್ತು ಜನ ನೋಡಬಹುದು; ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

‘ಕೈಲೂರಿಯಾ, ಎರಡನೇ ಓಟಿ’ ಎಂದು ವಾಟ್ಸ್ಯಾಪ್ ಗುಂಪಿಗೆ ಯಾರೋ ಹಾಕಿದ್ದರು. ಬೇರೆ ಯೂನಿಟ್ಟಿನವರೂ ಬಂದು ಗೋಡೆಗೊರಗಿ ನಿಂತರು. ದೂರದರ್ಶಕ ಹಿಡಿದದ್ದು ಶಿವಮೊಗ್ಗದ ವೈದ್ಯೆ, ಅವರ ಹೆಗಲ ಹಿಂದೆಯೇ ಪ್ರೊಫೆಸರ್. ಪರದೆಯ ಮೇಲೆ ಮೂತ್ರಕೋಶದ ನಸುಗೆಂಪು ಗೋಡೆ, ಅದರಲ್ಲಿ ಸಣ್ಣ ಸೀಳಿನಂಥ ಬಾಯಿ. ಬಲಗಡೆಯ ಬಾಯಿ ತೆರೆದು ತಿಳಿನೀರು ಚಿಮ್ಮಿ ಮುಚ್ಚಿತು. ದೂರದರ್ಶಕ ಎಡಕ್ಕೆ ತಿರುಗಿತು. ಏನೂ ಇಲ್ಲ. “ಕಾಯಿ” ಎಂದರು ಪ್ರೊಫೆಸರ್. ಎಡಗಡೆಯ ಬಾಯಿ ನಡುಗಿ, ತೆರೆದು, ಬಿಳಿಯ ಸುರುಳಿಯೊಂದನ್ನು ಉಗುಳಿತು. ನೀರಿನಲ್ಲಿ ಅದು ಕರಗುತ್ತಾ ಪರದೆಯನ್ನೆಲ್ಲ ಮಬ್ಬು ಮಾಡಿತು. “ಎಡಗಡೆ!” ಎಂದು ಮೂರ್ನಾಲ್ಕು ದನಿ ಒಟ್ಟಿಗೆ ಎದ್ದವು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿಕೊಂಡು ಎಚ್ಚರವಾಗಿದ್ದ ರೈತ ಕತ್ತೆತ್ತಿ ಕೇಳಿದ, “ಏನಾತ್ರಿ?” “ನಿಮ್ಮ ಹಾಲಿನ ಡೈರಿ ಸಿಕ್ತು ಯಜಮಾನ್ರೇ” ಎಂದರು ಅರಿವಳಿಕೆಯವರು. ಆತ ನಕ್ಕ.

ಮುಂದಿನದು ಹೇಳಲು ಸರಳ, ಮಾಡಲು ನಾಜೂಕು. ಆ ಬಾಯಿಯೊಳಗಿಂದ ಸಪೂರ ನಳಿಕೆಯೊಂದನ್ನು ಕಿಡ್ನಿಯವರೆಗೆ ತೂರಿಸಿ, ತೆಳುಮಾಡಿದ ಪೊವಿಡೋನ್ ಅಯೋಡಿನ್ ದ್ರಾವಣವನ್ನು ನಿಧಾನ ಬಿಡುತ್ತಾರೆ. ಅದು ಒಡೆದ ನಾಳಗಳ ಬಾಯಿಗೆ ಉರಿ ತಂದು, ಮಾಯಿಸಿ, ಮುಚ್ಚಿಸುತ್ತದೆ. ಹಿಂದೆ ಸಿಲ್ವರ್ ನೈಟ್ರೇಟ್ ಹೆಚ್ಚು ಬಳಕೆಯಲ್ಲಿತ್ತು. ಅದರ ಪ್ರಮಾಣ ತಪ್ಪಿ ಕಿಡ್ನಿಯೇ ಕೆಟ್ಟ ಉದಾಹರಣೆಗಳಿವೆ. ಅನೇಕರಿಗೆ ಇಷ್ಟರಲ್ಲೇ ಗುಣವಾಗುತ್ತದೆ, ಕೆಲವರಲ್ಲಿ ವರ್ಷ ಕಳೆದು ಮರಳುತ್ತದೆ. ಆಗ ಕಿಡ್ನಿಯ ಸುತ್ತಲಿನ ದುಗ್ಧನಾಳಗಳನ್ನು ಒಂದೊಂದಾಗಿ ಕತ್ತರಿಸಿ ಬಿಡಿಸುವ ಶಸ್ತ್ರಚಿಕಿತ್ಸೆಯೇ ಗತಿ.

ಮನೆಗೆ ಕಳಿಸುವಾಗ ಊಟದ ಪಾಠ. ಎಣ್ಣೆ, ತುಪ್ಪ, ಶೇಂಗಾ ಹಿಂಡಿ ಸದ್ಯ ಬೇಡವೆಂದರು. “ಹಿಂಡಿ ಇಲ್ದ ರೊಟ್ಟಿ ಹ್ಯಾಂಗ ಇಳೀತದ್ರಿ ಮೇಡಂ?” ಎಂದು ಆತ ಕೇಳಿದ್ದು ಈಗ ನೇರ ವೈದ್ಯೆಯನ್ನೇ. ಬೇಕೇ ಬೇಕಾದರೆ ಕೊಬ್ಬರಿ ಎಣ್ಣೆ ಸ್ವಲ್ಪ ಬಳಸಿ ಎಂದರು. ಅದರ ಕೊಬ್ಬಿನಲ್ಲಿ ಒಂದು ಪಾಲು ದುಗ್ಧನಾಳ ಹಿಡಿಯದೆ ನೇರ ಯಕೃತ್ತಿಗೆ ಹೋಗುತ್ತದೆ. “ತಲಿಗಿ ಹಚ್ಚೋದು ತಿನ್ನೋದೇನ್ರಿ!” ಶಹಾಪುರದವನಿಗೆ ಇದು ರೋಗಕ್ಕಿಂತ ದೊಡ್ಡ ಆಶ್ಚರ್ಯ. ಮಂಗಳೂರಿನ ರೋಗಿಯಾಗಿದ್ದರೆ ಈ ಪಾಠವೇ ಬೇಕಿರಲಿಲ್ಲ.

ವೈದ್ಯೆಯ ಲಾಗ್‌ಬುಕ್ಕಿನಲ್ಲಿ ಇಷ್ಟೆಲ್ಲಕ್ಕೂ ಒಂದೇ ಸಾಲು. ತರಬೇತಿಯ ಪ್ರತಿಯೊಬ್ಬರೂ ಇದನ್ನು ತುಂಬಬೇಕು: ನೋಡಿದ್ದು, ಕೈಜೋಡಿಸಿದ್ದು, ಹಿರಿಯರ ಕಣ್ಣೆದುರು ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು. ಕಲ್ಲು, ಪ್ರಾಸ್ಟೇಟ್ ಕೆಲಸಗಳ ಸಾಲು ಪುಟಗಟ್ಟಲೆ ಬೆಳೆಯುತ್ತದೆ. ಅಪರೂಪದ ರೋಗಗಳ ಪುಟ ಮೂರು ವರ್ಷವಾದರೂ ತುಂಬುವುದಿಲ್ಲ. ರೋಗಿ ಬಂದ ದಿನ ನೀನು ರಜೆಯಲ್ಲಿದ್ದರೆ ಮುಗಿಯಿತು, ಮತ್ತೆ ಅದನ್ನು ನೋಡುವುದು ಎಂದೋ, ಯಾವ ಊರಿನಲ್ಲೋ, ಆಗ ಹೇಳಿಕೊಡುವವರು ಯಾರೂ ಹಿಂದೆ ನಿಂತಿರುವುದಿಲ್ಲ.

ಹಾಗಾಗಿ ಕೈಯನ್ನಾದರೂ ಸಿದ್ಧ ಇಟ್ಟುಕೊಳ್ಳಬೇಕು. ವಿಭಾಗದ ಹಿಂಬದಿಯ ಸಣ್ಣ ಕೋಣೆಯಲ್ಲಿ ಒಂದು ಪೆಟ್ಟಿಗೆ, ಅದಕ್ಕೆರಡು ತೂತು, ಒಳಗೊಂದು ಕ್ಯಾಮೆರಾ. ಕೆಲಸ ಮುಗಿದ ರಾತ್ರಿ ಹೊತ್ತು ಯಾರಾದರೊಬ್ಬರು ಅಲ್ಲಿ ಕೂತು ಉದ್ದುದ್ದ ಸಲಕರಣೆಗಳಿಂದ ಹೊಲಿಗೆ ಹಾಕುತ್ತಿರುತ್ತಾರೆ. ಹೊಲಿಯುವುದು ಕೋಳಿಯ ಕುತ್ತಿಗೆಯ ಕಾಳುಚೀಲವನ್ನು. ಅಗಲದ ಚೀಲ, ಅದಕ್ಕೆ ಅಂಟಿದ ಸಪೂರ ಅನ್ನನಾಳ. ಕಿಡ್ನಿಯ ಬುಡವೂ ಅಲ್ಲಿಂದ ಇಳಿಯುವ ಮೂತ್ರನಾಳವೂ ಹೆಚ್ಚುಕಡಿಮೆ ಇದೇ ಆಕಾರ. ಹುಟ್ಟಿನಿಂದಲೇ ಆ ಜಾಗ ಕಿರಿದಾಗಿರುವವರಿಗೆ ಅದನ್ನು ಕತ್ತರಿಸಿ ಮರುಜೋಡಿಸುವ ಪೈಲೊಪ್ಲಾಸ್ಟಿಯನ್ನು ಕಲಿಯಲು ನಮ್ಮ ದೇಶದ ವೈದ್ಯರೇ ಬಳಕೆಗೆ ತಂದ ಮಾದರಿಯಿದು. ಲಕ್ಷಾಂತರ ರೂಪಾಯಿಯ ಸಿಮ್ಯುಲೇಟರ್ ಇಲ್ಲದ ಕಡೆ ಇದೇ ಗುರು. ಆಸ್ಪತ್ರೆ ಹಿಂದಿನ ಚಿಕನ್ ಅಂಗಡಿಯವನು ಈಗ ಅದನ್ನು ಬಿಸಾಡುವುದಿಲ್ಲ, “ಡಾಕ್ಟ್ರೇ, ಇವತ್ತೆಷ್ಟು ಚೀಲ?” ಎಂದು ಅವನೇ ಕೇಳುತ್ತಾನೆ.

ರಾತ್ರಿ ಡ್ಯೂಟಿಯ ಫೋನು ಮಾತ್ರ ಯಾವ ಅಭ್ಯಾಸಕ್ಕೂ ಬಿಡುವುದಿಲ್ಲ. ಉಚ್ಚೆ ಕಟ್ಟಿ ಒದ್ದಾಡುವ ಮುದುಕರು, ಕಲ್ಲುನೋವಿಗೆ ನೆಲದ ಮೇಲೆ ಹೊರಳುವ ಹುಡುಗರು ಇದ್ದೇ ಇರುತ್ತಾರೆ. ಆಗೊಮ್ಮೆ ಈಗೊಮ್ಮೆ, ನಡುರಾತ್ರಿ ಕಳೆದ ಮೇಲೆ, ಹೆಂಡತಿಯ ಜೊತೆ ಬಂದ ಯುವಕನೊಬ್ಬ ಊದಿ ನೇರಳೆಗಟ್ಟಿದ ಅಂಗವನ್ನು ತೋರಿಸಿ “ಮಂಚದಿಂದ ಬಿದ್ದೆ ಸಾರ್” ಎನ್ನುತ್ತಾನೆ. ಮೊದಲ ವರ್ಷದವರು ಅದನ್ನು ನಂಬಿ ಬರೆದುಕೊಳ್ಳುತ್ತಾರೆ. ಮೂರನೇ ವರ್ಷದವರು ಹೆಂಡತಿಯನ್ನು ಹೊರಗೆ ಕೂರಿಸಿ, “ಟಕ್ ಅಂತ ಸದ್ದು ಬಂತಾ?” ಎಂದಷ್ಟೇ ಕೇಳಿ, ಓಟಿ ಸಿದ್ಧ ಮಾಡಲು ಹೇಳುತ್ತಾರೆ. ಶಿಶ್ನದ ಒಳಪೊರೆ ಹರಿದ ಆ ಗಾಯವನ್ನು ಬೇಗ ಹೊಲಿದರೆ ಮುಂದೆ ಬಾಳಿಗೆ ತೊಂದರೆಯಿರುವುದಿಲ್ಲ. ನಾಚಿ ಒಂದು ವಾರ ಮನೆಯಲ್ಲಿ ಕೂತರೆ ವಕ್ರವಾಗಿಯೇ ಉಳಿಯಬಹುದು.

ಇನ್ನೊಂದು ರಾತ್ರಿ ಕನಕಪುರ ಕಡೆಯ ಐವತ್ತೈದರ ತಾಯಿ. ಸಕ್ಕರೆ ಕಾಯಿಲೆ ಹಳೆಯದು, ಮಾತ್ರೆ ಬಿಟ್ಟು ತಿಂಗಳಾಗಿದೆ. ಚಳಿಜ್ವರ, ವಾಂತಿ, ಮಂಪರು. ಸಿಟಿ ಸ್ಕ್ಯಾನಿನಲ್ಲಿ ಎಡಗಿಡ್ನಿಯ ಒಳಗೆ ಕಪ್ಪು ಗುಳ್ಳೆಗಳು. ಸ್ಕ್ಯಾನಿನಲ್ಲಿ ಅಷ್ಟು ಕಪ್ಪಾಗಿ ಕಾಣುವುದು ಗಾಳಿ ಮಾತ್ರ, ಕಿಡ್ನಿಯೊಳಗೆ ಗಾಳಿಗೆ ಕೆಲಸವಿಲ್ಲ. ಏರಿದ ಸಕ್ಕರೆಯನ್ನು ಬ್ಯಾಕ್ಟೀರಿಯಾ ಹುಳಿಸಿ ಅನಿಲ ಮಾಡುವ ಈ ಸೋಂಕಿಗೆ ಎಂಫಿಸೆಮೇಟಸ್ ಪೈಲೊನೆಫ್ರೈಟಿಸ್ ಎಂದು ಹೆಸರು. ಇದನ್ನು ಮೊದಲು ದಾಖಲಿಸಿದ್ದು 1898ರಲ್ಲಿ. ಬಹುಕಾಲ ಇದಕ್ಕೆ ಉತ್ತರವೆಂದರೆ ತಕ್ಷಣ ಕಿಡ್ನಿ ತೆಗೆಯುವುದು. ಈಗ ಬೆನ್ನಿನಿಂದ ಒಂದು ನಳಿಕೆ ಹಾಕಿ ಕೀವು, ಗಾಳಿ ಹೊರಬಿಟ್ಟು, ಇನ್ಸುಲಿನ್, ಪ್ರತಿಜೀವಕ ಕೊಟ್ಟು ಕಾಯುತ್ತಾರೆ. ಎಷ್ಟೋ ಸಲ ಜೀವದ ಜೊತೆ ಕಿಡ್ನಿಯೂ ಉಳಿಯುತ್ತದೆ. ಅವತ್ತು ನಳಿಕೆ ಒಳಹೋದಾಗ ಮೊದಲು ಬಂದದ್ದು ಕೀವಲ್ಲ, ಬುಸ್ಸೆಂದು ಗಾಳಿ. ಬೆಳಕು ಹರಿಯುವ ಹೊತ್ತಿಗೆ ಆಕೆ “ಕಾಪಿ ಕೊಡಿ” ಎಂದಾಗ ಡ್ಯೂಟಿಯವರ ಮುಖ ನೋಡಬೇಕಿತ್ತು.

ಅಪಘಾತಗಳ ಪಾಲೂ ಇಲ್ಲಿಗೆ ಬರುತ್ತದೆ. ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದು ಮೂತ್ರದ ದಾರಿ ತುಂಡಾದವರು, ಸೋಂಕಿನಿಂದಲೋ ಚರ್ಮರೋಗದಿಂದಲೋ ಆ ದಾರಿ ಪೂರ್ತಿ ಮುಚ್ಚುತ್ತಾ ಬಂದವರು. ಕಿಬ್ಬೊಟ್ಟೆಯಲ್ಲಿ ಪೈಪು ಇಟ್ಟುಕೊಂಡು, ಲುಂಗಿಯ ಮಡಿಕೆಯಲ್ಲಿ ಬ್ಯಾಗು ಬಚ್ಚಿಟ್ಟು ತಿಂಗಳುಗಟ್ಟಲೆ ಸರದಿ ಕಾಯುತ್ತಾರೆ. ಉದ್ದಕ್ಕೂ ಕಿರಿದಾದ ದಾರಿಯನ್ನು ಅಗಲ ಮಾಡಲು ಕೆನ್ನೆಯ ಒಳಪೊರೆ ತೆಗೆದು ತೇಪೆ ಹಾಕುವುದು ಈಗ ಜಗತ್ತೆಲ್ಲ ಒಪ್ಪಿದ ಕ್ರಮ. ಇದರಲ್ಲಿ ಪುಣೆಯ ಡಾ. ಸಂಜಯ್ ಕುಲಕರ್ಣಿ ಅವರ ಹೆಸರಿನ ವಿಧಾನವನ್ನು ಪರದೇಶದವರೂ ಕಲಿಯುತ್ತಾರೆ. ಆದರೆ ನಮ್ಮಲ್ಲಿ ಬಾಯಿ ತೆರೆಸಿದರೆ ಗುಟ್ಕಾ ತಿಂದು ಬಿಳಿಚಿ ಹಗ್ಗಗಟ್ಟಿದ ಕೆನ್ನೆ, ಎರಡು ಬೆರಳೂ ಒಳಹೋಗದ ದವಡೆ. ತೇಪೆಗೆ ಬಟ್ಟೆಯೇ ಇಲ್ಲ. ಹಾಗಾಗಿ ಯೂರಾಲಜಿ ರೌಂಡ್ಸಿನಲ್ಲಿ “ಬಾಯಿ ತೆಗೀರಿ” ಎಂದು ಟಾರ್ಚು ಬಿಡುವುದನ್ನು ನೋಡಿ ರೋಗಿಗಳು ಕಕ್ಕಾಬಿಕ್ಕಿಯಾಗುತ್ತಾರೆ.

ಮಕ್ಕಳ ದಿನ ಪಡಸಾಲೆಯ ಬಣ್ಣವೇ ಬೇರೆ. ಅಂದು ಕಂಡ ಒಬ್ಬ ಹುಡುಗಿಗೆ ಎಂಟು ವರ್ಷ, ಹೊಸಪೇಟೆ ಆಚೆಯ ಒಂದು ತಾಂಡಾದಿಂದ ಬಂದವಳು. ಲಂಗದೊಳಗೆ ದಪ್ಪಗೆ ಬಟ್ಟೆ. ಹುಟ್ಟುವಾಗಲೇ ಇವಳ ಮೂತ್ರಕೋಶ ಕೂಡಿಕೊಂಡಿರಲಿಲ್ಲ. ಕಿಬ್ಬೊಟ್ಟೆಯ ಗೋಡೆಯಲ್ಲಿ ತೆರೆದುಕೊಂಡು ಹೊರಗೇ ಇತ್ತು, ಅದರಿಂದ ಮೂತ್ರ ಜಿನುಗುತ್ತಲೇ ಇತ್ತು. ಬ್ಲಾಡರ್ ಎಕ್ಸ್‌ಟ್ರೊಫಿ ಎನ್ನುವ ಈ ದೋಷ ಸುಮಾರು 30ರಿಂದ 50 ಸಾವಿರ ಹೆರಿಗೆಗೆ ಒಂದು. ಹುಟ್ಟಿದ ಮೊದಲ ಮೂರು ದಿನದೊಳಗೆ ಮುಚ್ಚಿದರೆ ಮೂಳೆಗಳು ಇನ್ನೂ ಬಗ್ಗುತ್ತವೆ. ಇವಳ ತಾಯಿಗೆ ಯಾರೋ ಕೂಸು ಬದುಕುವುದಿಲ್ಲವೆಂದು ಹೇಳಿ ಕಳಿಸಿದ್ದರು. ಕೂಸು ಬದುಕಿತು. ವಾಸನೆಯೆಂದು ಶಾಲೆಗೆ ಹಾಕಲಿಲ್ಲ.

ಈಗ ಮೂಳೆ ವೈದ್ಯರನ್ನೂ ಕೂಡಿಸಿಕೊಂಡು ಸೊಂಟದ ಮೂಳೆ ಕತ್ತರಿಸಿ ಹತ್ತಿರ ತರಬೇಕು, ಕೋಶ ಮುಚ್ಚಬೇಕು, ಮುಂದೆ ಕರುಳಿನ ತುಂಡು ಸೇರಿಸಿ ಅದನ್ನು ದೊಡ್ಡದು ಮಾಡಬೇಕು. ಅಪೆಂಡಿಕ್ಸನ್ನೇ ಕೊಳವೆ ಮಾಡಿ ಹೊಕ್ಕುಳಿನ ಬಳಿ ತೆರೆಸಿ, ಅಲ್ಲಿಂದ ಅವಳೇ ಸಪೂರ ನಳಿಕೆ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಕಲಿಸಬೇಕು. ಈ ಕೊಳವೆಯ ಉಪಾಯ 1980ರಲ್ಲಿ ಫ್ರಾನ್ಸಿನ ಪಾಲ್ ಮಿತ್ರೊಫನಾಫ್ ಕೊಟ್ಟದ್ದು. ಒಂದಲ್ಲ, ಹಲವು ಆಪರೇಷನ್. ಆಮೇಲೂ ಜೀವಮಾನದ ತಪಾಸಣೆ. ಅಹಮದಾಬಾದಿನ ಸಿವಿಲ್ ಆಸ್ಪತ್ರೆಯಲ್ಲಿ 2009ರಿಂದ ಅಮೆರಿಕದ ಮಕ್ಕಳ ಆಸ್ಪತ್ರೆಗಳ ವೈದ್ಯರು ನಮ್ಮವರ ಜೊತೆ ಸೇರಿ ಇಂಥ ಮಕ್ಕಳಿಗೇ ಶಿಬಿರ ನಡೆಸುತ್ತಾ ಬಂದಿದ್ದಾರೆ. ಅಲ್ಲಿ ಕೆಲವೇ ದಿನದಲ್ಲಿ ಕಾಣುವಷ್ಟು ಎಕ್ಸ್‌ಟ್ರೊಫಿಯನ್ನು ಶ್ರೀಮಂತ ದೇಶದ ವೈದ್ಯ ಎಷ್ಟೋ ವರ್ಷ ದುಡಿದರೂ ಕಾಣಲಿಕ್ಕಿಲ್ಲ. ನಮ್ಮ ಬಡತನವೇ ಅವರಿಗೂ ನಮಗೂ ಶಾಲೆಯಾಗಿರುವುದನ್ನು ಸುಮ್ಮನೆ ಹೊಗಳಲು ನನಗಾಗುವುದಿಲ್ಲ.

ಹುಡುಗಿಯನ್ನು ಮಂಚದ ಮೇಲೆ ಮಲಗಿಸಿದಾಗ ವಾಟ್ಸ್ಯಾಪ್ ಸಂದೇಶ ಹೋಗಿಯಾಗಿತ್ತು, ಬಾಗಿಲಲ್ಲಿ ಏಳೆಂಟು ಬಿಳಿಕೋಟುಗಳು. ಶಿವಮೊಗ್ಗದ ವೈದ್ಯೆ ಎದ್ದುಹೋಗಿ ಪರದೆ ಎಳೆದರು. ತಾಯಿಯನ್ನು ಕೇಳಿದರು, ಆಮೇಲೆ ಹುಡುಗಿಯನ್ನೇ ಕೇಳಿದರು: “ಪುಟ್ಟಾ, ಇವರೂ ಕಲೀಬೇಕು. ಇಬ್ಬರು ಬರಬಹುದಾ?” ಹುಡುಗಿ ಬಾಗಿಲ ಕಡೆ ನೋಡಿ, ಹೆಂಗಸರಿಬ್ಬರನ್ನು ಬೆರಳು ಮಾಡಿ ತೋರಿಸಿದಳು. ಉಳಿದವರು ಹೊರಗೇ ನಿಂತರು. ಅಪರೂಪದ ರೋಗಿ ಪ್ರದರ್ಶನದ ವಸ್ತುವಾಗಿಬಿಡಲು ಹೆಚ್ಚು ಹೊತ್ತು ಬೇಕಾಗಿಲ್ಲ. ಲಾಗ್‌ಬುಕ್ಕಿನಲ್ಲಿ ಪರದೆ ಎಳೆದದ್ದಕ್ಕೆ ಅಂಕಣವಿಲ್ಲ, ಇರಬೇಕಿತ್ತು.

ಇಷ್ಟನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಇಲ್ಲಿಗೆ ಬರುವ ಅಪರೂಪದ ರೋಗಗಳಲ್ಲಿ ಎಷ್ಟೋ ಅಪರೂಪವಾಗಿ ಕಾಣುವುದು ಜನ ಅವುಗಳನ್ನು ಬಟ್ಟೆಯೊಳಗೆ ಬಚ್ಚಿಡುವುದರಿಂದ. ವೈದ್ಯರನ್ನು ಮೂರು ವರ್ಷದಲ್ಲಿ ತಯಾರು ಮಾಡಬಹುದು. ರೋಗಿ ಬಾಯಿಬಿಡಲು ಆರು ವರ್ಷ ತೆಗೆದುಕೊಂಡರೆ ಆ ತಯಾರಿಯ ಅರ್ಧ ಪಾಲು ವ್ಯರ್ಥ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಗಂಡುಕೂಸು ಧಾರೆಯಾಗಿ ಉಚ್ಚೆ ಹೊಯ್ಯದೆ ತೊಟ್ಟು ತೊಟ್ಟಾಗಿ, ತಿಣುಕುತ್ತಾ ಹೊಯ್ದರೆ ಬೆಳೆದಂತೆ ಸರಿಹೋಗುತ್ತದೆಂದು ಕಾಯಬೇಡಿ. ಮೂತ್ರದ ದಾರಿಗೆ ಅಡ್ಡವಾಗಿ ಹುಟ್ಟಿನಿಂದ ಬಂದ ಪೊರೆ ಇದ್ದೀತು. ಸುಮಾರು 5ರಿಂದ 8 ಸಾವಿರ ಗಂಡುಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತದೆ. ದೂರದರ್ಶಕದಲ್ಲಿ ಅದನ್ನು ಕತ್ತರಿಸುವುದು ಕೆಲವು ನಿಮಿಷದ ಕೆಲಸ, ತಡವಾದರೆ ಎರಡೂ ಕಿಡ್ನಿ ಹೋಗಬಹುದು. ಉಚ್ಚೆ ಬೆಳ್ಳಗೆ ಬಂದರೆ, ನೋವಿಲ್ಲದೆ ಕೆಂಪಗೆ ಬಂದರೆ, ಸಕ್ಕರೆ ಕಾಯಿಲೆಯವರಿಗೆ ಚಳಿಜ್ವರದ ಜೊತೆ ಪಕ್ಕೆನೋವು ಬಂದರೆ, ಅಂದೇ ತೋರಿಸಿ. ಆನೆಕಾಲು ರೋಗದ ಮಾತ್ರೆ ಹಂಚಲು ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅದನ್ನು ಅವರೆದುರೇ ನುಂಗಿ, ಕಿಟಕಿಯಾಚೆ ಎಸೆಯಬೇಡಿ. ಮೂರು ಔಷಧ ಒಟ್ಟಿಗೆ ಕೊಡುವ ಕ್ರಮವನ್ನು ದೇಶದಲ್ಲಿ ಮೊದಮೊದಲು ಕೈಗೊಂಡ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಒಂದು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ನಂಬರಿಗೆ ಫೋನು ಮಾಡುವ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಅದಕ್ಕೆ ಎತ್ತು ಮಾರಬೇಕಾಗಿಲ್ಲ.